ಕಷ್ಟ ಒಂದೇ ಊರಿಗೆ ಮತ್ತೆ ಮತ್ತೆ ಏಕೆ ಬರುತ್ತದೆ?



ಟಿ.ವಿ. ಸುದ್ದಿಯಲ್ಲಿ ಕೆಲವು ದೇಶಗಳ ಹೆಸರು ಬಂದರೆ ಸಾಕು, ಮುಂದಿನ ಮಾತು ಏನಿರಬಹುದೆಂದು ನಾವೆಲ್ಲ ಮೊದಲೇ ಊಹಿಸಿಬಿಡುತ್ತೇವೆ. ಒಂದು ವರ್ಷ ಬರ, ಮರುವರ್ಷ ದಂಗೆ, ಅದರ ಹಿಂದೆಯೇ ಸಾಲ, ಬೆಲೆ ಏರಿಕೆ, ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಊರು ಬಿಡುವ ಜನ. "ಬರಗಾಲದಲ್ಲಿ ಅಧಿಕ ಮಾಸ" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮೊದಲೇ ತಿನ್ನಲು ಇಲ್ಲದ ವರ್ಷದಲ್ಲಿ ಲೆಕ್ಕಕ್ಕೆ ಇನ್ನೊಂದು ತಿಂಗಳು ಹೆಚ್ಚಿಗೆ ಬಂದರೆ ಹೇಗಿರುತ್ತದೋ, ಕೆಲವು ಪ್ರದೇಶಗಳ ಚರಿತ್ರೆ ಹಾಗೆಯೇ ಇದೆ.

ಇದು ಏಕೆ ಎಂದು ಮಕ್ಕಳು ಕೇಳಿದಾಗ ದೊಡ್ಡವರಾದ ನಾವು ಸಾಮಾನ್ಯವಾಗಿ ಮೂರು ಉತ್ತರ ಕೊಡುತ್ತೇವೆ. ಒಂದು, ಅಲ್ಲಿಯ ಮಳೆ-ಬೆಳೆಯೇ ಹಾಗೆ. ಎರಡು, ಅಲ್ಲಿಯ ಜನರೇ ಹಾಗೆ. ಮೂರು, ಎಲ್ಲ ಹಣೆಬರಹ. ಈ ಮೂರೂ ಮಾತುಗಳನ್ನು ಸುಮಾರು 180 ವರ್ಷಗಳ ಹಿಂದೆ ಜನ ಇನ್ನೊಂದು ಪ್ರದೇಶದ ಬಗ್ಗೆ ಹೇಳುತ್ತಿದ್ದರು. ಅದು ಯಾವುದು ಗೊತ್ತೇ? ನಾವು ಇಂದು ಮನೆ ಮಾಡಿಕೊಂಡಿರುವ ಗಾಲ್ವೇ! ಇದೇ ಮಾತುಗಳನ್ನು ನಮ್ಮ ಕರ್ನಾಟಕದಲ್ಲಿ ರಾಯಚೂರು, ಕಲಬುರಗಿಗಳ ಬಗ್ಗೆಯೂ ಕೇಳಿದ್ದೇವೆ. ಆದ್ದರಿಂದ ದೂರದ ದೇಶಗಳ ವಿಷಯ ಆಮೇಲೆ ನೋಡೋಣ. ಮೊದಲು ನಾವು ಬದುಕುತ್ತಿರುವ ಊರನ್ನೂ ನಾವು ಬಂದ ನಾಡನ್ನೂ ಇಟ್ಟುಕೊಂಡು ಈ ಉತ್ತರಗಳು ಎಷ್ಟು ನಿಜ ಎಂದು ಪರೀಕ್ಷಿಸೋಣ.

ಅಪಾಯ ಬೇರೆ, ಅನಾಹುತ ಬೇರೆ

ಮೊದಲ ಉತ್ತರ ಪ್ರಕೃತಿಯದು. 2010ರಲ್ಲಿ ಎರಡು ದೊಡ್ಡ ಭೂಕಂಪಗಳಾದವು. ಜನವರಿ 12ರಂದು ಹೈಟಿ ದೇಶದಲ್ಲಿ 7.0 ಪ್ರಮಾಣದ ಕಂಪನ, ಫೆಬ್ರುವರಿ 27ರಂದು ಚಿಲಿ ದೇಶದಲ್ಲಿ 8.8 ಪ್ರಮಾಣದ ಕಂಪನ. ಚಿಲಿಯ ಕಂಪನದಲ್ಲಿ ಹೊರಬಿದ್ದ ಶಕ್ತಿ ಸುಮಾರು 500 ಪಟ್ಟು ಹೆಚ್ಚು. ಆದರೆ ಅಲ್ಲಿ ಸತ್ತವರು ಸುಮಾರು 500 ಮಂದಿ. ಹೈಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಹೈಟಿಯ ಕಂಪನ ರಾಜಧಾನಿಯ ಹತ್ತಿರವೇ ಆಯಿತು ಎಂಬುದು ಒಂದು ಕಾರಣ, ನಿಜ. ಆದರೆ ಚಿಲಿಯಲ್ಲಿ ಹಿಂದಿನ ಭೂಕಂಪಗಳಿಂದ ಪಾಠ ಕಲಿತು ಕಟ್ಟಡಗಳಿಗೆ ಕಟ್ಟುನಿಟ್ಟಾದ ನಿಯಮ ಮಾಡಿದ್ದರು, ಅದನ್ನು ಜಾರಿಗೆ ತರುವ ಸರ್ಕಾರವೂ ಇತ್ತು. ಹೈಟಿಯಲ್ಲಿ ಎರಡೂ ಇರಲಿಲ್ಲ.

ಹೈಟಿ ಏಕೆ ಹಾಗಾಯಿತು? ಗುಲಾಮರಾಗಿದ್ದ ಜನ ಹೋರಾಡಿ 1804ರಲ್ಲಿ ಸ್ವತಂತ್ರರಾದರು. ಆ ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳಲು 1825ರಲ್ಲಿ ಫ್ರಾನ್ಸ್ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಮುಂದೆ ಅದನ್ನು 9 ಕೋಟಿಗೆ ಇಳಿಸಿದರೂ, ತೀರಿಸಲು ಮಾಡಿದ ಸಾಲ ಪೂರ್ತಿ ಮುಗಿದದ್ದು 1947ರಲ್ಲಿ! ಶಾಲೆಗೆ, ರಸ್ತೆಗೆ, ಆಸ್ಪತ್ರೆಗೆ ಹೋಗಬೇಕಾದ ಹಣ ನೂರು ವರ್ಷಕ್ಕೂ ಹೆಚ್ಚು ಕಾಲ ಬಡ್ಡಿಗೆ ಹೋಯಿತು.

ನಮ್ಮ ಗಾಲ್ವೇಯಲ್ಲೂ ಇಂಥ ಜೋಡಿ ಉದಾಹರಣೆ ಇದೆ. 1839ರ ಜನವರಿ 6ರ ರಾತ್ರಿ ಐರ್ಲೆಂಡಿಗೆ ಬಡಿದ ಬಿರುಗಾಳಿಯನ್ನು ಇಲ್ಲಿಯವರು "ಮಹಾಗಾಳಿಯ ರಾತ್ರಿ" ಎಂದು ಇಂದಿಗೂ ನೆನೆಯುತ್ತಾರೆ. ಅಂದು ದೇಶದಲ್ಲಿ ನೂರಾರು ಜನ ಸತ್ತರು, ಬಡವರ ಹುಲ್ಲಿನ ಮಾಡುಗಳು ಹಾರಿಹೋದವು. 2025ರ ಜನವರಿ 24ರಂದು ಬಂದ ಏಯೋವಿನ್ ಬಿರುಗಾಳಿ ನಮ್ಮ ಹಿರಿಯ ವಿದ್ಯಾರ್ಥಿಗಳಿಗೆಲ್ಲ ನೆನಪಿದೆ. ಕಾನೆಮಾರಾ ತೀರದ ಮೇಸ್ ಹೆಡ್‌ನಲ್ಲಿ ಗಾಳಿಯ ವೇಗ ಗಂಟೆಗೆ 180 ಕಿಲೋಮೀಟರ್ ದಾಟಿ ದೇಶದ ದಾಖಲೆ ಮುರಿಯಿತು. ಏಳು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಕಷ್ಟವಾಯಿತು, ಆದರೆ ಜೀವಹಾನಿ ತೀರಾ ಕಡಿಮೆ. ಮುನ್ನೆಚ್ಚರಿಕೆ ಬಂದಿತ್ತು, ಗಟ್ಟಿ ಮನೆಗಳಿದ್ದವು, ಎಲ್ಲರೂ ಒಳಗಿದ್ದೆವು.

ಇದರಿಂದ ಏನು ತಿಳಿಯುತ್ತದೆ? ಗಾಳಿ, ಮಳೆ, ಭೂಕಂಪ, ಬೆಳೆರೋಗ ಇವೆಲ್ಲ ಅಪಾಯಗಳು. ಅಪಾಯ ಅನಾಹುತವಾಗುವುದೋ ಇಲ್ಲವೋ ಎಂಬುದನ್ನು ಅದು ಬರುವ ಮೊದಲೇ ಅಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ನಿರ್ಧರಿಸುತ್ತದೆ.

ಗಾಲ್ವೇ ಮೊದಲಿನಿಂದಲೂ ಬಡ ಊರಾಗಿತ್ತೇ?

ಇಲ್ಲ. ಮಧ್ಯಯುಗದಲ್ಲಿ ಇದು ಹದಿನಾಲ್ಕು ವರ್ತಕ ಮನೆತನಗಳು ನಡೆಸುತ್ತಿದ್ದ ಶ್ರೀಮಂತ ಬಂದರು. ಸ್ಪೇನ್, ಫ್ರಾನ್ಸ್‌ಗಳಿಂದ ಇಲ್ಲಿಗೆ ದ್ರಾಕ್ಷಾರಸದ ಹಡಗುಗಳು ಬರುತ್ತಿದ್ದವು. ನಾವು ಸಂಜೆ ಅಡ್ಡಾಡಲು ಹೋಗುವ ಸ್ಪ್ಯಾನಿಷ್ ಆರ್ಚ್ 1584ರದು.

ಮುಂದೆ ಯುದ್ಧ ಬಂತು. 1651-52ರಲ್ಲಿ ಕ್ರಾಮ್‌ವೆಲ್‌ನ ಸೈನ್ಯ ಒಂಬತ್ತು ತಿಂಗಳು ಮುತ್ತಿಗೆ ಹಾಕಿ ಊರನ್ನು ಗೆದ್ದಿತು. ಐರ್ಲೆಂಡಿನ ಬೇರೆ ಭಾಗಗಳಲ್ಲಿ ಒಳ್ಳೆಯ ಜಮೀನು ಹೊಂದಿದ್ದ ಕ್ಯಾಥೊಲಿಕರ ಭೂಮಿಯನ್ನು ಕಿತ್ತುಕೊಂಡು, ಅವರಿಗೆ ಶಾನನ್ ನದಿಯ ಪಶ್ಚಿಮದ ಕಲ್ಲುನೆಲದಲ್ಲಿ ಜಾಗ ತೋರಿಸಿದರು. ಅಂದರೆ ಫಲವತ್ತಲ್ಲದ ನೆಲದ ಮೇಲೆ ಹೆಚ್ಚು ಜನರ ಭಾರ ಬಿದ್ದಿತು. ಜಮೀನಿನ ಒಡೆತನ ಕೆಲವೇ ಜಮೀನ್ದಾರರದು, ದುಡಿಯುವವರು ಗೇಣಿದಾರರು. ಗೇಣಿದಾರ ಕಲ್ಲು ಆರಿಸಿ, ಕಡಲ ಪಾಚಿ ಹೊತ್ತು ತಂದು ಗೊಬ್ಬರ ಹಾಕಿ ನೆಲ ಹಸನು ಮಾಡಿದರೆ, ಮರುವರ್ಷ ಗೇಣಿ ಏರುತ್ತಿತ್ತು! ಹೀಗಿರುವಾಗ ನೆಲಕ್ಕೆ ದುಡ್ಡು ಹಾಕುವ ಮನಸ್ಸು ಯಾರಿಗೆ ಬಂದೀತು?

ಮಕ್ಕಳು ಮದುವೆಯಾದಂತೆಲ್ಲ ತುಂಡು ಭೂಮಿ ಮತ್ತಷ್ಟು ತುಂಡಾಯಿತು. ಅಷ್ಟು ಚಿಕ್ಕ ಜಾಗದಲ್ಲಿ ಒಂದು ಸಂಸಾರದ ಹೊಟ್ಟೆ ತುಂಬಿಸಬಲ್ಲ ಬೆಳೆ ಒಂದೇ, ಆಲೂಗಡ್ಡೆ. ಅದರಲ್ಲೂ "ಲಂಪರ್" ಎಂಬ ಒಂದೇ ತಳಿ. ಒಬ್ಬ ಕೂಲಿಯಾಳು ದಿನಕ್ಕೆ ಐದು ಕಿಲೋಗೂ ಹೆಚ್ಚು ಆಲೂಗಡ್ಡೆ ತಿನ್ನುತ್ತಿದ್ದ. ಓಟ್ಸ್, ದನ, ಹಂದಿ ಇವನ್ನೆಲ್ಲ ಗೇಣಿ ಕಟ್ಟಲು ಮಾರಬೇಕಿತ್ತು. ಎಲ್ಲ ಮೊಟ್ಟೆಗಳೂ ಒಂದೇ ಬುಟ್ಟಿಯಲ್ಲಿ ಇದ್ದವು, ಆ ಬುಟ್ಟಿಯೂ ತಮ್ಮದಲ್ಲ.

1740-41ರಲ್ಲಿ ಕಡುಚಳಿಗೆ ಬೆಳೆ ಸತ್ತು ಬರ ಬಂತು. 1822ರಲ್ಲಿ ಅತಿಮಳೆಗೆ ಗಡ್ಡೆ ಕೊಳೆತು ಬರ ಬಂತು. 1831ರಲ್ಲಿ ಮತ್ತೆ ಬಂತು. 1822ರ ಬರದ ಕಾಲದಲ್ಲಿ ಪಶ್ಚಿಮದಲ್ಲಿ ರಸ್ತೆ, ದೋಣಿಕಟ್ಟೆಗಳನ್ನು ಕಟ್ಟಿಸಿದ ಇಂಜಿನಿಯರ್ ಅಲೆಕ್ಸಾಂಡರ್ ನಿಮ್ಮೊ. ಕ್ಲಾಡಾದ ಬಳಿಯ ನಿಮ್ಮೊ ಕಟ್ಟೆಗೆ ಅವರದೇ ಹೆಸರು. ರಸ್ತೆ ಬಂತು, ಆದರೆ ಗೇಣಿಯ ಪದ್ಧತಿ ಹಾಗೇ ಉಳಿಯಿತು. ಆದ್ದರಿಂದ 1845ರಲ್ಲಿ ಅಂಗಮಾರಿ ರೋಗ ಬಂದು ಆಲೂಗಡ್ಡೆ ಹೊಲಗಳು ಕಪ್ಪಾದಾಗ ಹಿಂದಿನ ಬರಗಳಿಗಿಂತ ಎಷ್ಟೋ ದೊಡ್ಡ ಅನಾಹುತವಾಯಿತು.

ಬಡವರ ಖರ್ಚು ಬಡವರ ತಲೆಗೇ

1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ರೋಗ ಬೆಳೆಗೆ ಬಂದದ್ದು, ಆದರೆ ಜನ ಸತ್ತದ್ದಕ್ಕೆ ಕಾರಣಗಳಲ್ಲಿ ಕೆಲವು ಕಾಗದದ ಮೇಲೆ ಬರೆದವು. ಇದೇ ರೋಗ ಬೆಲ್ಜಿಯಂ, ಹಾಲೆಂಡ್‌ಗಳ ಹೊಲಗಳನ್ನೂ ಹಾಳು ಮಾಡಿತ್ತು. ಅಲ್ಲಿ ಕೂಡ ಜನ ಸತ್ತರು, ಆದರೆ ಇಷ್ಟು ಪ್ರಮಾಣದಲ್ಲಿ ಅಲ್ಲ.

ತೀರ್ಮಾನಗಳು ಲಂಡನ್ನಿನಲ್ಲಿ ಆಗುತ್ತಿದ್ದವು. ಪರಿಹಾರದ ಹಣಕಾಸು ನೋಡುತ್ತಿದ್ದ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್. ಪಂದ್ಯಗಳಲ್ಲಿ ಇಲ್ಲಿಯವರು ಹಾಡುವ "ದಿ ಫೀಲ್ಡ್ಸ್ ಆಫ್ ಆಥೆನ್‌ರೈ" ಹಾಡಿನಲ್ಲಿ ಬರುವ ಟ್ರೆವೆಲ್ಯನ್ ಇವರೇ. ಧರ್ಮಾರ್ಥ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಮಾರುಕಟ್ಟೆಗೆ ಕೈ ಹಾಕಬಾರದು ಎಂಬುದು ಅವರ ನಂಬಿಕೆ. 1847ರ ಬೇಸಿಗೆಯಲ್ಲಿ ಗಂಜಿಕೇಂದ್ರಗಳು ದಿನಕ್ಕೆ 30 ಲಕ್ಷದವರೆಗೆ ಜನರಿಗೆ ಊಟ ಕೊಟ್ಟವು. ಅಂದರೆ ಮನಸ್ಸು ಮಾಡಿದರೆ ಉಣಿಸಲು ಸಾಧ್ಯವಿತ್ತು! ಆದರೆ ಅದೇ ವರ್ಷ ಶರತ್ಕಾಲದ ಹೊತ್ತಿಗೆ ಅವನ್ನು ಮುಚ್ಚಿದರು. ಇನ್ನು ಮುಂದೆ ಐರ್ಲೆಂಡಿನ ಬಡವರ ಖರ್ಚನ್ನು ಐರ್ಲೆಂಡಿನ ಆಸ್ತಿವಂತರೇ ಸ್ಥಳೀಯ ತೆರಿಗೆಯಿಂದ ನೋಡಿಕೊಳ್ಳಲಿ ಎಂದರು. ಯಾವ ಪ್ರದೇಶದಲ್ಲಿ ಹಸಿದವರು ಹೆಚ್ಚೋ ಅಲ್ಲೇ ತೆರಿಗೆ ಕಟ್ಟುವವರು ಕಡಿಮೆ. ನಮ್ಮ ಜಿಲ್ಲೆಯ ಕ್ಲಿಫ್ಡನ್‌ನ ಬಡವರ ನಿಧಿ ದಿವಾಳಿಯಾಯಿತು.

ಇನ್ನೊಂದು ನಿಯಮ ಗಾಲ್ವೇಯ ಕೂಲ್ ಪಾರ್ಕಿನ ಜಮೀನ್ದಾರ, ಪಾರ್ಲಿಮೆಂಟ್ ಸದಸ್ಯ ವಿಲಿಯಂ ಗ್ರೆಗರಿ 1847ರಲ್ಲಿ ಸೇರಿಸಿದ್ದು. ಕಾಲು ಎಕರೆಗಿಂತ ಹೆಚ್ಚು ನೆಲ ಇಟ್ಟುಕೊಂಡವರಿಗೆ ಪರಿಹಾರವಿಲ್ಲ. ಊಟ ಬೇಕೆಂದರೆ ಭೂಮಿ ಬಿಡಬೇಕು, ಭೂಮಿ ಬಿಟ್ಟರೆ ಮುಂದಿನ ವರ್ಷದ ಊಟವಿಲ್ಲ. ಅದಕ್ಕೂ ಮೊದಲೇ, 1846ರ ಮಾರ್ಚ್‌ನಲ್ಲಿ, ಗಾಲ್ವೇ ಜಿಲ್ಲೆಯ ಬ್ಯಾಲಿನ್‌ಲಾಸ್ ಎಂಬ ಇಡೀ ಹಳ್ಳಿಯ ಮನೆಗಳನ್ನು ದನ ಮೇಯಿಸುವ ಹುಲ್ಲುಗಾವಲಿಗಾಗಿ ಕೆಡವಿದ್ದರು.

ಸಾಲ್ಟ್‌ಹಿಲ್ ಕಡೆಗೆ ಹೋಗುವಾಗ ಗ್ರಾಟನ್ ರಸ್ತೆಯ ಸಮುದ್ರದ ದಡದಲ್ಲಿ ಸೀಲಿಯಾ ಗ್ರಿಫಿನ್ ಹೆಸರಿನ ಚಿಕ್ಕ ಉದ್ಯಾನವಿದೆ. ಸೀಲಿಯಾ ಆರು ವರ್ಷದ ಹುಡುಗಿ, ಅಂದರೆ ನಮ್ಮ ಒಂದನೆಯ ತರಗತಿಯ ಮಕ್ಕಳ ವಯಸ್ಸು. ಮನೆಯವರೊಂದಿಗೆ ಕಾನೆಮಾರಾದಿಂದ ಊಟ ಅರಸಿ ಊರಿಗೆ ಬಂದು 1847ರ ಮಾರ್ಚ್‌ನಲ್ಲಿ ಹಸಿವಿನಿಂದ ಸತ್ತಳು. ಶವಪರೀಕ್ಷೆಯಲ್ಲಿ ಆಕೆಯ ಹೊಟ್ಟೆಯಲ್ಲಿ ಆಹಾರದ ಒಂದು ಕಣವೂ ಇರಲಿಲ್ಲ.

1841ರಲ್ಲಿ ಗಾಲ್ವೇ ಪಟ್ಟಣ ಮತ್ತು ಜಿಲ್ಲೆ ಸೇರಿ 4,40,000 ಜನರಿದ್ದರು. 1851ರಲ್ಲಿ ಉಳಿದವರು ಸುಮಾರು 3,21,000. 2022ರ ಜನಗಣತಿಯಲ್ಲಿ ನಗರ ಮತ್ತು ಜಿಲ್ಲೆಯ ಒಟ್ಟು ಜನ ಸುಮಾರು 2,77,000. ನಮ್ಮಂಥ ವಲಸಿಗರನ್ನೆಲ್ಲ ಸೇರಿಸಿದರೂ 180 ವರ್ಷಗಳ ಹಿಂದಿನ ಲೆಕ್ಕ ಇನ್ನೂ ತುಂಬಿಲ್ಲ!

ಬಿತ್ತನೆ ಬೀಜವನ್ನೇ ಕುಟ್ಟಿ ತಿಂದರೆ

ಒಂದು ಕಷ್ಟ ಮುಗಿದ ಮೇಲೆ ಊರು ಮೊದಲಿನಂತಾಗಬೇಕಲ್ಲವೇ? ಏಕೆ ಆಗುವುದಿಲ್ಲ? ಇದೇ ನಮ್ಮ ಪ್ರಶ್ನೆಯ ತಿರುಳು.

ಕ್ಲಾಡಾದ ಬೆಸ್ತರನ್ನು ನೋಡೋಣ. ಆಲೂಗಡ್ಡೆ ಹೋದರೇನು, ಎದುರಿಗೇ ಸಮುದ್ರವಿತ್ತಲ್ಲ, ಮೀನು ತಿನ್ನಬಹುದಿತ್ತಲ್ಲ ಎಂದು ಮಕ್ಕಳು ಕೇಳುತ್ತಾರೆ. ಕ್ಷಾಮದ ಮೊದಲ ತಿಂಗಳುಗಳಲ್ಲೇ ಎಷ್ಟೋ ಬೆಸ್ತರು ಅನ್ನಕ್ಕಾಗಿ ಬಲೆ, ಹಗ್ಗ, ಹಾಯಿಗಳನ್ನು ಗಿರವಿ ಇಟ್ಟಿದ್ದರು. ಮೀನು ಬಂದಾಗ ಹಿಡಿಯಲು ಬಲೆ ಇರಲಿಲ್ಲ. ನಮ್ಮ ಕಡೆ ಬರಗಾಲದಲ್ಲಿ ರೈತ ಮೊದಲು ಬೆಳ್ಳಿ ಒಡವೆ, ಆಮೇಲೆ ಎಮ್ಮೆ, ಕೊನೆಗೆ ಉಳುವ ಎತ್ತು ಮಾರುತ್ತಾನೆ. ಬಿತ್ತನೆ ಬೀಜವನ್ನೇ ಕುಟ್ಟಿ ತಿನ್ನುತ್ತಾನೆ. ಮರುವರ್ಷ ಮಳೆ ಬಂದರೂ ಬಿತ್ತುವುದೇನು, ಉಳುವುದು ಯಾವುದರಿಂದ?

ಸಂಕಟದ ಸರಪಳಿಯ ಕೊಂಡಿಗಳನ್ನು ಹೀಗೆ ಗುರುತಿಸಬಹುದು:

ಒಂದು, ಬದುಕಲು ದುಡಿಮೆಯ ಸಾಧನವನ್ನೇ ಮಾರಬೇಕಾಗುವುದು.

ಎರಡು, ಗಟ್ಟಿಮುಟ್ಟಾದ ಯುವಕರು, ಓದಿದವರು ಮೊದಲು ಊರು ಬಿಡುವುದು. ಉಳಿದವರು ವೃದ್ಧರು, ಮಕ್ಕಳು.

ಮೂರು, ತೆರಿಗೆ ಕಡಿಮೆಯಾಗಿ ಶಾಲೆ, ಆಸ್ಪತ್ರೆ, ರಸ್ತೆ ಸೊರಗುವುದು. ಅವು ಸೊರಗಿದಲ್ಲಿಗೆ ಉದ್ಯೋಗ ಕೊಡುವವರು ಬರುವುದಿಲ್ಲ.

ನಾಲ್ಕು, ಇರುವ ಸ್ವಲ್ಪಕ್ಕೆ ಹಲವರು ಕಿತ್ತಾಡುವುದು. ಜಗಳ ಹೆಚ್ಚಿದಂತೆ ಸರ್ಕಾರ ದುರ್ಬಲವಾಗುತ್ತದೆ, ಇಲ್ಲವೇ ಕ್ರೂರವಾಗುತ್ತದೆ.

ಐದು, ತೀರ್ಮಾನ ಮಾಡುವವರು ದೂರದಲ್ಲಿದ್ದು, ತಪ್ಪಾದರೆ ಅವರಿಗೆ ಏನೂ ನಷ್ಟವಾಗದಿರುವುದು.

ಆರ್ಥಿಕ ಸಂಕಟ ಸಾಮಾಜಿಕ ಸಂಕಟವಾಗಿ, ಅದು ರಾಜಕೀಯ ಸಂಕಟವಾಗಿ, ಮತ್ತೆ ಆರ್ಥಿಕ ಸಂಕಟವಾಗಿ ತಿರುಗುವುದು ಹೀಗೆ. ಗಾಣದ ಎತ್ತಿನಂತೆ ಎಷ್ಟು ನಡೆದರೂ ಅದೇ ಜಾಗ.

ನಮ್ಮ ನಾಡಿನ ಸಾಕ್ಷಿ

1791-92ರಲ್ಲಿ ಉತ್ತರ ಕರ್ನಾಟಕದಲ್ಲಿ ಬಂದದ್ದು ತಲೆಬುರುಡೆಯ ಬರ. ಸತ್ತವರನ್ನು ಮಣ್ಣು ಮಾಡುವವರೂ ಇಲ್ಲದೆ ನೆಲದ ಮೇಲೆ ಬುರುಡೆಗಳು ಬಿದ್ದಿದ್ದವು ಎಂದು ಆ ಹೆಸರು. 1876-78ರದು ಧಾತು-ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆ ಹೊತ್ತಿಗೆ ರೈಲು ಇತ್ತು, ಧಾನ್ಯವೂ ಇತ್ತು, ಭಾರತದಿಂದ ಹೊರದೇಶಕ್ಕೆ ರಫ್ತೂ ನಡೆದಿತ್ತು. ಕೊಳ್ಳುವ ಹಣ ಮಾತ್ರ ಜನರ ಕೈಯಲ್ಲಿ ಇರಲಿಲ್ಲ. ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಅವರದು ವಿಚಿತ್ರ ಕಥೆ. 1873-74ರಲ್ಲಿ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ ಬಹಳ ಜೀವ ಉಳಿಸಿದ್ದರು. ಅದಕ್ಕೆ ಸಿಕ್ಕಿದ್ದು ದುಂದುಗಾರ ಎಂಬ ಟೀಕೆ. ದಕ್ಷಿಣಕ್ಕೆ ಬಂದಾಗ ಅವರು ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದಷ್ಟು ಕೂಲಿ ಸಾಕೆಂದರು. ಜೀವ ಉಳಿಸಿದವರಿಗೆ ಬೈಗುಳ, ಹಣ ಉಳಿಸಿದವರಿಗೆ ಹೊಗಳಿಕೆ ಸಿಗುವ ವ್ಯವಸ್ಥೆಯಲ್ಲಿ ಒಳ್ಳೆಯ ಅಧಿಕಾರಿಯೂ ಹೀಗಾಗುತ್ತಾರೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ವಿವರಿಸಿದರು: ಆಹಾರ ಇಲ್ಲದಿರುವುದು ಬೇರೆ, ಇರುವ ಆಹಾರವನ್ನು ಪಡೆಯುವ ಶಕ್ತಿ ಜನರಿಗೆ ಇಲ್ಲದಿರುವುದು ಬೇರೆ.

ಇನ್ನು ಮುಂದಿನದನ್ನು ಗಮನವಿಟ್ಟು ಓದಿ. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂದಾಗ ಸಂಸ್ಥಾನದ ಮೇಲೆ ಬರದ ಖರ್ಚಿನ 80 ಲಕ್ಷ ರೂಪಾಯಿ ಸಾಲವಿತ್ತು. ಆದರೂ ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಕರೆದರು. ರೈತರ ದೂರು ದಿವಾನರ ಕಿವಿಗೆ ಬೀಳುವ ದಾರಿಯಾಯಿತು. ಬರಪೀಡಿತ ಚಿತ್ರದುರ್ಗದ ಸೀಮೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿ ವಿಲಾಸ ಸಾಗರ 1907ರಲ್ಲಿ ಮುಗಿಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು.

ಅತ್ತ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರುಗಳಿಗೆ ರಾಜಧಾನಿ ಹೈದರಾಬಾದ್ ದೂರ. ಓದು, ಆಡಳಿತ ಉರ್ದುವಿನಲ್ಲಿ, ಮನೆಮಾತು ಕನ್ನಡ. ದೊಡ್ಡ ಜಹಗೀರುಗಳು, ಕಡಿಮೆ ಶಾಲೆಗಳು. ಭಾರತ ಸ್ವತಂತ್ರವಾದಾಗ ಇಲ್ಲಿ ರಜಾಕಾರರ ಹಾವಳಿ. 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರುವಾಗ ಮತ್ತೆ ರಕ್ತಪಾತ. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಂದದ್ದು 1953ರಲ್ಲಿ. ಕಲಬುರಗಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂದದ್ದು 1980ರಲ್ಲಿ, ಮೈಸೂರಿಗಿಂತ 64 ವರ್ಷ ತಡವಾಗಿ. ಅಂದರೆ ಮೂರು ತಲೆಮಾರು!

ಆ ಮಣ್ಣಿನ ಗುಣವೇ ಹಾಗೆ ಎನ್ನುವವರಿಗೆ ನೆನಪಿಸಬೇಕು: ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದ್ದದ್ದು ಇಂದಿನ ಕಲಬುರಗಿ ಜಿಲ್ಲೆಯಲ್ಲಿ. ಬಸವಣ್ಣನವರ ಕಲ್ಯಾಣ ಇರುವುದು ಬೀದರ್ ಜಿಲ್ಲೆಯಲ್ಲಿ. ಮಹಮೂದ್ ಗವಾನ್ ಬೀದರಿನಲ್ಲಿ 1472ರ ಹೊತ್ತಿಗೇ ದೊಡ್ಡ ವಿದ್ಯಾಕೇಂದ್ರ ಕಟ್ಟಿಸಿದ್ದ. ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರಿನ ನೆಲಕ್ಕಾಗಿ ರಾಜರು ನೂರಾರು ವರ್ಷ ಕಾದಾಡಿದರು. ಬೇಡವಾದ ನೆಲಕ್ಕೆ ಯಾರು ಕಾದಾಡುತ್ತಾರೆ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗವೊಂದರಲ್ಲೇ ಇದ್ದವು. ಆ ಕಡೆಯ ಜನಕ್ಕೆ "ಗುಳೆ" ಎಂಬ ಮಾತು ಚೆನ್ನಾಗಿ ಗೊತ್ತು. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರಿಗೋ ಮುಂಬಯಿಗೋ ಕಟ್ಟಡ ಕೆಲಸಕ್ಕೆ ಹೋಗುವುದು. ಹೋದ ಮಕ್ಕಳ ಓದು ನಿಲ್ಲುತ್ತದೆ, ಬೆಳೆದ ಮೇಲೆ ಅವರೂ ಗುಳೆ ಹೋಗುತ್ತಾರೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದು ಆ ಜಿಲ್ಲೆಗಳ ಮಕ್ಕಳಿಗೆ ಓದು, ಉದ್ಯೋಗಗಳಲ್ಲಿ ಮೀಸಲು ಸಿಕ್ಕಿತು. 2019ರಿಂದ ಆ ಭಾಗದ ಹೆಸರು ಕಲ್ಯಾಣ ಕರ್ನಾಟಕ. ಹೆಸರಿಗೆ ತಕ್ಕ ಕಲ್ಯಾಣವಾಗಲು ಇನ್ನೂ ಬಹಳ ಕೆಲಸವಿದೆ.

ಸರಪಳಿ ಕಡಿಯುವುದು ಹೇಗೆ?

ಮತ್ತೆ ಗಾಲ್ವೇಗೆ ಬರೋಣ. 1877-79ರಲ್ಲಿ ಇಲ್ಲಿ ಆಲೂಗಡ್ಡೆ ಬೆಳೆ ಮತ್ತೆ ಕೈಕೊಟ್ಟಿತು. ಆದರೆ 1847ರಂತೆ ಜನ ಸಾಯಲಿಲ್ಲ. ಕಾರಣಗಳೇನು? ಅಂಗಡಿಗಳು, ರೈಲು ಬಂದಿದ್ದವು. ಅಮೆರಿಕಕ್ಕೆ ಹೋದವರು ಮನೆಗೆ ಹಣ ಕಳಿಸುತ್ತಿದ್ದರು. ಸಹಾಯ ನಿಧಿಗಳು ಬೇಗ ಕೆಲಸ ಆರಂಭಿಸಿದವು. ಎಲ್ಲಕ್ಕಿಂತ ಮುಖ್ಯವಾಗಿ, ಜನ ಸಂಘಟಿತರಾಗಿದ್ದರು. 1879ರ ಅಕ್ಟೋಬರ್‌ನಲ್ಲಿ ಪಕ್ಕದ ಮೇಯೋ ಜಿಲ್ಲೆಯಲ್ಲಿ ಮೈಕೆಲ್ ಡೇವಿಟ್ ಮತ್ತು ಸಂಗಡಿಗರು ಭೂಸಂಘ ಕಟ್ಟಿದರು. ಆ ಹೋರಾಟದಿಂದ 1881 ಮತ್ತು 1903ರ ಭೂಕಾನೂನುಗಳು ಬಂದವು, ಗೇಣಿದಾರರು ಹಂತಹಂತವಾಗಿ ಭೂಮಿಯ ಒಡೆಯರಾದರು. "ಉಳುವವನೇ ಹೊಲದೊಡೆಯ" ಎಂದು ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಕರ್ನಾಟಕದಲ್ಲಿ ಆದದ್ದನ್ನು ಪೋಷಕರು ಇಲ್ಲಿ ನೆನಪಿಸಿಕೊಳ್ಳಬಹುದು.

ಇಷ್ಟಾದರೂ ಸರಪಳಿ ಪೂರ್ತಿ ಕಡಿಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ 1950ರ ದಶಕವೊಂದರಲ್ಲೇ ಸುಮಾರು 4 ಲಕ್ಷ ಜನ ಐರ್ಲೆಂಡ್ ಬಿಟ್ಟರು. 1961ರಲ್ಲಿ ದೇಶದ ಜನಸಂಖ್ಯೆ 28 ಲಕ್ಷಕ್ಕೆ ಕುಸಿಯಿತು. ಆಗ ಮಾಡಿದ ಕೆಲಸಗಳು ನೋಡಿ: 1958ರಲ್ಲಿ ಮುಚ್ಚಿದ ಬಾಗಿಲ ಆರ್ಥಿಕ ನೀತಿಯನ್ನು ಬದಲಿಸುವ ಯೋಜನೆ, 1967ರಿಂದ ಪ್ರೌಢಶಿಕ್ಷಣ ಉಚಿತ, ಹಳ್ಳಿ ಮಕ್ಕಳಿಗೆ ಶಾಲಾ ಬಸ್ಸೂ ಉಚಿತ, 1972ರಲ್ಲಿ ಗಾಲ್ವೇಗೆ ತಾಂತ್ರಿಕ ಕಾಲೇಜು, 1973ರಲ್ಲಿ ಯುರೋಪಿನ ಒಕ್ಕೂಟಕ್ಕೆ ಪ್ರವೇಶ.

1971ರಲ್ಲಿ ಡಿಜಿಟಲ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿ ಗಾಲ್ವೇಗೆ ಬಂತು. 1993ರಲ್ಲಿ ಅದು ಇಲ್ಲಿಯ ತಯಾರಿಕಾ ಘಟಕ ಮುಚ್ಚಿದಾಗ ಸುಮಾರು 780 ಜನರ ಕೆಲಸ ಹೋಯಿತು. ಊರು ಮತ್ತೆ ಮುಳುಗಿತು ಎಂದೇ ಎಲ್ಲರೂ ತಿಳಿದರು. ಆದರೆ ಈ ಸಲ ಜನರ ಕೈಯಲ್ಲಿ ಗಿರವಿ ಇಡಲಾಗದ ಒಂದು ಸಾಧನವಿತ್ತು, ಅದು ಕಲಿತ ವಿದ್ಯೆ. ಮರುವರ್ಷವೇ ಬಾಸ್ಟನ್ ಸೈಂಟಿಫಿಕ್ ಬಂತು, ಮುಂದೆ ಮೆಡ್‌ಟ್ರಾನಿಕ್ ಬಂತು, ಸ್ಥಳೀಯರೂ ಕಂಪನಿ ತೆರೆದರು. ಇಂದು ಹೃದಯದ ಸ್ಟೆಂಟ್ ಮುಂತಾದ ವೈದ್ಯಕೀಯ ಸಲಕರಣೆಗಳಿಗೆ ಗಾಲ್ವೇ ಪ್ರಸಿದ್ಧ. ನಮ್ಮ ಶಾಲೆಯ ಎಷ್ಟೋ ಅಪ್ಪ-ಅಮ್ಮಂದಿರು ಪಾರ್ಕ್‌ಮೋರ್, ಬ್ಯಾಲಿಬ್ರಿಟ್‌ಗಳಿಗೆ ಕೆಲಸಕ್ಕೆ ಹೋಗುವುದು ಇದೇ ಕಾರಣಕ್ಕೆ.

ಒಂದು ಸಲ ಕಡಿದ ಸರಪಳಿ ಮತ್ತೆ ಬೆಸೆಯದೇ ಇರುತ್ತದೆ ಎಂದೇನೂ ಇಲ್ಲ. 2000ದ ನಂತರ ದೇಶವೆಲ್ಲ ಮನೆ ಕಟ್ಟುವುದರ ಮೇಲೆ, ಬ್ಯಾಂಕ್ ಸಾಲದ ಮೇಲೆ ನಿಂತಿತು. ಅದೂ ಒಂದು ಬಗೆಯ ಒಂಟಿ ಬೆಳೆ. 2008ರಲ್ಲಿ ಬ್ಯಾಂಕುಗಳು ಕುಸಿದವು. 2010ರ ನವೆಂಬರ್‌ನಲ್ಲಿ ಹೊರಗಿನವರ ನೆರವಿಗೆ ಕೈ ಚಾಚಬೇಕಾಯಿತು. ನಿರುದ್ಯೋಗ ಶೇಕಡಾ 15ರ ಹತ್ತಿರ ಹೋಯಿತು, ಯುವಕರು ಆಸ್ಟ್ರೇಲಿಯಾ, ಕೆನಡಾಗಳಿಗೆ ಹೊರಟರು. 2013ರ ಕೊನೆಗೆ ದೇಶ ಆ ನೆರವಿನಿಂದ ಹೊರಬಂತು. ನಿರುದ್ಯೋಗ ಭತ್ಯೆ ಇತ್ತು, ಶಾಲೆಗಳು ತೆರೆದಿದ್ದವು, ಚುನಾವಣೆಯಲ್ಲಿ ಸರ್ಕಾರ ಬದಲಾಯಿತೇ ಹೊರತು ಬೀದಿಯಲ್ಲಿ ಗುಂಡು ಹಾರಲಿಲ್ಲ. 2024ರಲ್ಲಿ, ಒಳ್ಳೆಯ ಕಾಲದ ತೆರಿಗೆಯಲ್ಲಿ ಒಂದು ಪಾಲನ್ನು ಮುಂದಿನ ತಲೆಮಾರಿಗೆ ಕೂಡಿಡುವ ಕಾನೂನನ್ನೂ ಮಾಡಿದರು. ನಮ್ಮ ಅಜ್ಜಂದಿರ ಹಗೇವಿನ ಬುದ್ಧಿ ಇದು: ಸುಗ್ಗಿಯಲ್ಲಿ ನೆಲಮಾಳಿಗೆಗೆ ತುಂಬಿದ ಜೋಳ ಬರಗಾಲದಲ್ಲಿ ಅನ್ನ.

"ಆ ಜನರೇ ಹಾಗೆ" ಎನ್ನುವ ಮೊದಲು

ಇದನ್ನೆಲ್ಲ ಈ ವರ್ಷ ಬರೆಯಲು ನಮಗೆ ಕಾರಣವಿದೆ. ಇಲ್ಲಿ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟವೆಂದು ಪ್ರತಿಯೊಂದು ಕುಟುಂಬಕ್ಕೂ ಗೊತ್ತು. 2008ರ ನಂತರ ವರ್ಷಗಟ್ಟಲೆ ಸಾಕಷ್ಟು ಮನೆ ಕಟ್ಟದೇ ಇದ್ದದ್ದು ಇದಕ್ಕೆ ದೊಡ್ಡ ಕಾರಣ. ಆದರೆ ಕೊರತೆ ಬಂದಾಗ ಕಾರಣ ಹುಡುಕುವುದಕ್ಕಿಂತ ಯಾರನ್ನಾದರೂ ದೂರುವುದು ಸುಲಭ. 2025ರ ಬೇಸಿಗೆಯಲ್ಲಿ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳು ನಡೆದವು. ಅದನ್ನು ಖಂಡಿಸಿ ಬೀದಿಗಿಳಿದವರಲ್ಲಿ ಐರಿಷರೂ ಇದ್ದರು ಎಂಬುದನ್ನು ಮರೆಯಬಾರದು. ನಾವು ಮೇಲೆ ಹೇಳಿದ ನಾಲ್ಕನೆಯ ಕೊಂಡಿ ಇದೇ: ಇರುವ ಸ್ವಲ್ಪಕ್ಕೆ ಕಿತ್ತಾಟ.

ನಾವು ಕೂಡ ಕನ್ನಡಿ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಬಂದ ಗುಳೆಯ ಸಂಸಾರಗಳ ಬಗ್ಗೆ, ಇಲ್ಲಿ ಯುದ್ಧದಿಂದ ಓಡಿಬಂದ ಬೇರೆ ದೇಶದ ಮಕ್ಕಳ ಬಗ್ಗೆ "ಆ ಜನರೇ ಹಾಗೆ" ಎಂಬ ಮಾತು ನಮ್ಮ ಮನೆಗಳಲ್ಲೂ ಬರುವುದುಂಟು. ಮಹಾಕ್ಷಾಮದ ಕಾಲದ ಅಧಿಕಾರಿಗಳ ಮನಸ್ಸಿನಲ್ಲಿದ್ದದ್ದು ಇದೇ ಮಾತು. ಅದು ಬಾಯಿಮಾತಾಗಿ ಉಳಿಯದೆ ಗಂಜಿಕೇಂದ್ರ ಮುಚ್ಚುವ ಆಜ್ಞೆಯಾಯಿತು. ಅದೇ ಕಾಲದಲ್ಲಿ, 1846ರಲ್ಲೇ, ಕಲ್ಕತ್ತೆಯಲ್ಲಿ ಐರ್ಲೆಂಡಿನ ಹಸಿದವರಿಗಾಗಿ ನಿಧಿ ಸಂಗ್ರಹಿಸಿ ಸಾವಿರಾರು ಪೌಂಡ್ ಕಳಿಸಿದರು. ಕೊಟ್ಟವರಲ್ಲಿ ಭಾರತೀಯರೂ ಇದ್ದರು.

ಮಕ್ಕಳೇ, ಇನ್ನು ಮುಂದೆ ಸುದ್ದಿಯಲ್ಲಿ ಯಾವುದಾದರೂ ಊರಿನ ಸಂಕಟ ಕಂಡಾಗ ಈ ಐದು ಪ್ರಶ್ನೆಗಳನ್ನು ಕೇಳಿ ನೋಡಿ.

1. ಅಲ್ಲಿ ಭೂಮಿ, ಗಣಿ, ನೀರು ಯಾರ ಕೈಯಲ್ಲಿವೆ?
2. ಆ ಊರು ಒಂದೇ ಬೆಳೆಯನ್ನೋ ಒಂದೇ ಉದ್ಯಮವನ್ನೋ ನೆಚ್ಚಿಕೊಂಡಿದೆಯೇ?
3. ತೀರ್ಮಾನ ಎಲ್ಲಿ ಆಗುತ್ತದೆ? ತಪ್ಪಾದರೆ ಅಲ್ಲಿಯ ಜನ ಯಾರನ್ನು ಕೇಳಬಹುದು?
4. ಹಿಂದಿನ ಕಷ್ಟದಲ್ಲಿ ಅವರು ಏನನ್ನು ಮಾರಿಕೊಂಡರು, ಎಷ್ಟು ಜನ ಊರು ಬಿಟ್ಟರು?
5. ಅಲ್ಲಿಯ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು, ಶಾಲೆಗೆ ಹೋಗುತ್ತಿದ್ದಾರೆಯೇ?

ರಜೆಯಲ್ಲಿ ಒಂದು ದಿನ ಪೋಷಕರೊಂದಿಗೆ ಪೋರ್ಟಮ್ನಾದಲ್ಲಿರುವ ಹಳೆಯ ಬಡವರ ಮನೆಗೆ ಹೋಗಿಬನ್ನಿ. ಅಪ್ಪ-ಅಮ್ಮ-ಮಕ್ಕಳನ್ನು ಬೇರೆಬೇರೆ ಕೋಣೆಗಳಲ್ಲಿ ಇಡುತ್ತಿದ್ದ ಆ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಊರಿಗೆ ಫೋನ್ ಮಾಡಿದಾಗ ಅಜ್ಜ-ಅಜ್ಜಿಯರನ್ನು "ನಿಮ್ಮ ಕಾಲದಲ್ಲಿ ಬರ ಬಂದಾಗ ಮನೆಯಲ್ಲಿ ಏನು ತಿನ್ನುತ್ತಿದ್ದಿರಿ, ಏನು ಮಾರಿದಿರಿ, ಯಾರು ಸಹಾಯ ಮಾಡಿದರು?" ಎಂದು ಕೇಳಿ. ಅವರು ಹೇಳಿದ್ದನ್ನು ಕನ್ನಡದಲ್ಲೇ ಒಂದು ಪುಟ ಬರೆದು ತನ್ನಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕಲು ಕಾಯುತ್ತಿರುತ್ತೇವೆ.